ಎರಡನೆಯ ವಿಷಯವಾಗಿ ಪುರಾತತ್ತ್ವ: ಬೂದಿದಿಬ್ಬಗಳು ಕಲಿಸಿದ ಪಾಠ

ಬಳ್ಳಾರಿಯಿಂದ ಹೊಸಪೇಟೆಯತ್ತ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರಿದೆ. ಅದರ ಸಮೀಪದ ಬೂದಿದಿಬ್ಬವನ್ನು ಭೀಮನಿಂದ ಹತನಾದ ಹಿಡಿಂಬಾಸುರನ ಚಿತೆಯ ಬೂದಿಯೆಂದು ಜನ ಹೇಳುತ್ತ ಬಂದಿದ್ದಾರೆ. ಹಂಪಿಯ ಬಳಿ ನಿಂಬಾಪುರದಲ್ಲಿರುವ ದಿಬ್ಬ ವಾಲಿಯ ಚಿತಾಭಸ್ಮವೆಂಬ ನಂಬಿಕೆಯಿದೆ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲೂ ನೆರೆಯ ಆಂಧ್ರ, ತೆಲಂಗಾಣಗಳಲ್ಲೂ ಇಂಥ ನೂರಕ್ಕೂ ಹೆಚ್ಚು ದಿಬ್ಬಗಳು ಗುರುತಾಗಿವೆ. ಇವುಗಳ ಬಗ್ಗೆ ಶಾಸನವಿಲ್ಲ, ನಾಣ್ಯವಿಲ್ಲ, ಗ್ರಂಥದ ಆಧಾರವೂ ಇಲ್ಲ. ಹಾಗಾದರೆ ಇವು ಏನು? ಈ ಪ್ರಶ್ನೆಗೆ ಉತ್ತರ ಸಿಕ್ಕ ಬಗೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಅವಶ್ಯ ತಿಳಿಯಬೇಕು. ಏಕೆಂದರೆ ಉತ್ತರ ಹುಡುಕಿದವರಲ್ಲಿ ಕೆಲವರಿಗೆ ಪುರಾತತ್ತ್ವವು ಎರಡನೆಯ ವಿಷಯವಾಗಿತ್ತು.

ಭೂವಿಜ್ಞಾನಿಯ ಕಣ್ಣು

ರಾಬರ್ಟ್ ಬ್ರೂಸ್ ಫೂಟ್ (1834-1912) ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿ. ಶಿಲೆಗಳ ನಕ್ಷೆ ತಯಾರಿಸುವುದು ಅವರ ವೃತ್ತಿ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ಕಲ್ಲಿನ ಕೈಗೊಡಲಿಯೊಂದು ಸಿಕ್ಕಿತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಅಲ್ಲಿಂದ ಆರಂಭವಾಯಿತೆಂದು ಹೇಳುವುದುಂಟು. ನಿಸರ್ಗದಲ್ಲಿ ತಾನಾಗಿ ಒಡೆದ ಕಲ್ಲು ಯಾವುದು, ಮನುಷ್ಯ ಬೇಕೆಂದೇ ಚಕ್ಕೆ ಎಬ್ಬಿಸಿದ ಕಲ್ಲು ಯಾವುದು ಎಂದು ಬೇರ್ಪಡಿಸಲು ಭೂವಿಜ್ಞಾನದ ಅಭ್ಯಾಸ ಅವರಿಗೆ ನೆರವಾಯಿತು.

ಇದೇ ಫೂಟ್ ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನೂ ಪರಿಶೀಲಿಸಿ, ಇವು ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಸಗಣಿಯ ಬೂದಿ ಎಂಬ ಅಭಿಪ್ರಾಯಕ್ಕೆ ಬಂದರು. ಎಲ್ಲರೂ ಒಪ್ಪಲಿಲ್ಲ. ಗಾಜಿನಂತೆ ಕರಗಿ ಗಟ್ಟಿಯಾದ ಉಂಡೆಗಳು ದಿಬ್ಬಗಳಲ್ಲಿ ಇದ್ದುದರಿಂದ ಲೋಹ ಕರಗಿಸಿದ ಕುಲುಮೆಯ ಕಿಟ್ಟವಿರಬೇಕೆಂದು ವಾದಿಸಿದವರೂ ಇದ್ದರು.

ರಸಾಯನವಿಜ್ಞಾನದ ಸಾಕ್ಷ್ಯ

ಲಂಡನ್ನಿನ ಪುರಾತತ್ತ್ವ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಎಫ್. ಇ. ಜ್ಯೂನರ್ ಈ ಬೂದಿಯನ್ನು ವಿಶ್ಲೇಷಿಸಿ, ಅದು ಸಗಣಿಯದೇ ಎಂಬ ನಿರ್ಣಯವನ್ನು 1960ರಲ್ಲಿ ಪ್ರಕಟಿಸಿದರು. ಇದರ ಹಿಂದಿನ ತತ್ತ್ವ ಸರಳ. ಹುಲ್ಲಿನ ಜೀವಕೋಶಗಳಲ್ಲಿ ಸಿಲಿಕಾ ಇರುತ್ತದೆ. ಹುಲ್ಲು ಮೇದ ದನದ ಸಗಣಿಯಲ್ಲಿ ಅದು ಉಳಿಯುತ್ತದೆ. ಬೂದಿಯಲ್ಲಿರುವ ಪೊಟ್ಯಾಸಿಯಂನಂಥ ಕ್ಷಾರಗಳು ಸಿಲಿಕಾದ ಕರಗುವ ಉಷ್ಣತೆಯನ್ನು ತಗ್ಗಿಸುತ್ತವೆ. ದೊಡ್ಡ ರಾಶಿ ಬಹಳ ಹೊತ್ತು ಉರಿದರೆ ಕುಲುಮೆಯಿಲ್ಲದೆಯೂ ಗಾಜಿನಂಥ ಉಂಡೆ ಉಂಟಾಗಬಲ್ಲದು.

ಆದರೆ ರಸಾಯನವಿಜ್ಞಾನ ಹೇಳಿದ್ದು ಬೂದಿ ಯಾವುದರದೆಂದು ಮಾತ್ರ. ಅಲ್ಲಿ ದನಗಳನ್ನು ಕಟ್ಟುತ್ತಿದ್ದರೇ ಎಂಬುದನ್ನು ಉತ್ಖನನವೇ ಹೇಳಬೇಕಿತ್ತು. ಎಫ್. ಆರ್. ಆಲ್ಚಿನ್ 1957ರಲ್ಲಿ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಕಂಡವು. 1990ರ ದಶಕದಲ್ಲಿ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲೇ ಜನವಸತಿ, ಕಲ್ಲಿನ ಉಪಕರಣ ತಯಾರಿಸುವ ತಾಣಗಳನ್ನು ಗುರುತಿಸಿದರು. ಬಳ್ಳಾರಿ ಬಳಿಯ ಸಂಗನಕಲ್ಲು ಮುಂತಾದ ನೆಲೆಗಳಲ್ಲಿ ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಸುಟ್ಟ ಬೀಜಗಳನ್ನು ಬೇರ್ಪಡಿಸಿದರು. ಹುರುಳಿ, ಹೆಸರು, ಕೊರಲೆ ಸಿಕ್ಕವು. ದನಗಾಹಿಗಳ ಊಟ ಏನೆಂಬುದನ್ನು ಹೀಗೆ ಸಸ್ಯವಿಜ್ಞಾನ ತಿಳಿಸಿತು.

ಎರಡೂ ಬಲ್ಲವರು ಏಕೆ ಬೇಕು?

ಅಮೆರಿಕದ ರಸಾಯನವಿಜ್ಞಾನಿ ವಿಲ್ಲರ್ಡ್ ಲಿಬ್ಬಿ 1949ರಲ್ಲಿ ವಿಕಿರಣ ಇಂಗಾಲದ ಕಾಲನಿರ್ಣಯ ವಿಧಾನವನ್ನು ರೂಪಿಸಿ 1960ರಲ್ಲಿ ನೊಬೆಲ್ ಪಡೆದರು. ಇಂಗಾಲ-14ರ ಅರ್ಧಾಯು ಸುಮಾರು 5,730 ವರ್ಷ. ಲೆಕ್ಕ ಸುಲಭವೆನ್ನಿಸಬಹುದು. ಆದರೆ ಇದ್ದಲನ್ನು ಪರೀಕ್ಷಿಸಿದಾಗ ಸಿಗುವುದು ಆ ಮರದ ಭಾಗ ಬೆಳೆದ ಕಾಲ. ಒಲೆ ಉರಿದ ಕಾಲವಲ್ಲ. ಇನ್ನೂರು ವರ್ಷದ ಮರದ ತಿರುಳಿನ ಇದ್ದಲಾದರೆ ಉತ್ತರ ಅಷ್ಟರಮಟ್ಟಿಗೆ ಹಿಂದಕ್ಕೆ ಸರಿಯುತ್ತದೆ. ಒಂದೇ ಹಂಗಾಮಿನಲ್ಲಿ ಬೆಳೆದ ಹುರುಳಿಕಾಳಿನಲ್ಲಿ ಈ ದೋಷವಿಲ್ಲ. ಆ ಕಾಳೂ ಇಲಿಬಿಲದ ಮೂಲಕ ಮೇಲಿನ ಸ್ತರದಿಂದ ಕೆಳಗಿಳಿದಿದ್ದರೆ? ಉಪಕರಣ ಎಷ್ಟೇ ನಿಖರವಾಗಿದ್ದರೂ ಸ್ತರ ಓದಲು ಬಾರದವನು ತಪ್ಪು ಪದಾರ್ಥದ ಸರಿಯಾದ ವಯಸ್ಸನ್ನು ಕೊಡುತ್ತಾನೆ. ಅರ್ಧಾಯು ತಿಳಿಯದ ಇತಿಹಾಸಕಾರ ಅದನ್ನು ಹಾಗೆಯೇ ನಂಬುತ್ತಾನೆ.

ನಮ್ಮ ಹಲವು ವಿಶ್ವವಿದ್ಯಾಲಯಗಳಲ್ಲಿ ಪುರಾತತ್ತ್ವವು ಪ್ರಾಚೀನ ಇತಿಹಾಸದ ಜೊತೆಗೂಡಿ ಕಲಾ ನಿಕಾಯದಲ್ಲಿದೆ. ಶಾಸನ, ದೇವಾಲಯ, ಶಿಲ್ಪಗಳ ಅಧ್ಯಯನಕ್ಕೆ ಈ ಜೋಡಣೆ ಸರಿಯಾದುದೇ. ಆದರೆ ಬರವಣಿಗೆಗೆ ಹಿಂದಿನ ಕಾಲಕ್ಕೆ ಮಣ್ಣು, ಮೂಳೆ, ಬೀಜ, ಶಿಲೆಗಳೇ ದಾಖಲೆಗಳು. ಅವನ್ನು ಓದುವ ತರಬೇತಿ ಇರುವುದು ವಿಜ್ಞಾನದ ವಿಭಾಗಗಳಲ್ಲಿ. ಭೂವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ ಅಥವಾ ರಸಾಯನವಿಜ್ಞಾನವನ್ನು ಮುಖ್ಯವಾಗಿ ಓದುವವರಿಗೆ ಪುರಾತತ್ತ್ವ ಎರಡನೆಯ ವಿಷಯವಾಗಿ ದೊರೆತರೆ, ತಮ್ಮ ವಿದ್ಯೆಯಿಂದ ಕೇಳಬಹುದಾದ ಹೊಸ ಪ್ರಶ್ನೆಗಳು ದೊರೆತಂತೆ.

ಪದವಿಯವರೆಗೆ ಕಾಯಬೇಕಾಗಿಲ್ಲ. ಸ್ವಲ್ಪ ಹುರುಳಿ, ರಾಗಿಯನ್ನು ಕಪ್ಪಾಗುವವರೆಗೆ ಹುರಿದು ತೋಟದ ಒಣಮಣ್ಣಿನಲ್ಲಿ ಬೆರೆಸಿ, ಆ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕದಡಿರಿ. ಹಗುರವಾದ ಸುಟ್ಟ ಕಾಳುಗಳು ಹೆಚ್ಚಾಗಿ ಮೇಲೆ ತೇಲುತ್ತವೆ. ತೆಳುಬಟ್ಟೆಯಲ್ಲಿ ಸೋಸಿ, ಎಷ್ಟು ಮರಳಿ ಸಿಕ್ಕವೆಂದು ಎಣಿಸಿರಿ. ಉತ್ಖನನದಲ್ಲಿ ಬೀಜ ಹಿಡಿಯುವ ವಿಧಾನ ಇದೇ. ಆದರೆ ನಿಜವಾದ ದಿಬ್ಬಗಳನ್ನು ಯಾರೂ ಕೆದಕಬಾರದು. 1958ರ ಕಾಯಿದೆಯ ಪ್ರಕಾರ ಸಂರಕ್ಷಿತ ನೆಲೆಗಳಲ್ಲಿ ಪರವಾನಗಿಯಿಲ್ಲದೆ ಅಗೆಯುವುದು ಅಪರಾಧ.

ಬೂದಿ ಒಳ್ಳೆಯ ಗೊಬ್ಬರವೆಂದು ಹಲವು ದಿಬ್ಬಗಳನ್ನು ಹೊಲಗಳಿಗೆ ಸಾಗಿಸಲಾಗಿದೆ. ಸಂಗನಕಲ್ಲು-ಕುಪ್ಪಗಲ್ಲು ಬೆಟ್ಟಗಳಿಗೆ ಕಲ್ಲುಗಣಿಗಾರಿಕೆಯಿಂದ ಧಕ್ಕೆಯಾಗಿದೆ. ಒಮ್ಮೆ ಕದಡಿದ ಸ್ತರವನ್ನು ಯಾವ ಪ್ರಯೋಗಾಲಯವೂ ಮತ್ತೆ ಜೋಡಿಸಲಾರದು. ದಿಬ್ಬದ ಪಕ್ಕದ ಊರಿನ ಶಾಲೆಯಲ್ಲಿ ಅದರ ಬೆಲೆ ಬಲ್ಲ ವಿಜ್ಞಾನ ಶಿಕ್ಷಕರೊಬ್ಬರಿದ್ದರೆ, ಉಳಿದಿರುವುದನ್ನಾದರೂ ಉಳಿಸಿಕೊಳ್ಳಬಹುದು.