ಜಾಗರಣೆಯ ಸೀಮೆಯಲ್ಲಿ ಅರೆತಲೆನೋವು

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ರಾತ್ರಿಗಳಿಗೆ ಬೇರೆಯೇ ಕಳೆ. ಒಂದು ಕಡೆ ಹರಕೆಯ ಬಯಲಾಟ, ಇನ್ನೊಂದು ಕಡೆ ನೇಮ, ಮತ್ತೊಂದು ಕಡೆ ಹೊನಲು ಬೆಳಕಿನ ಕಂಬಳ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ, ನಿದ್ದೆಗೆಡುವುದು ಇಲ್ಲಿ ಭಕ್ತಿಯೂ ಹೌದು, ಮನರಂಜನೆಯೂ ಹೌದು, ಕೆಲವರಿಗೆ ಹೊಟ್ಟೆಪಾಡೂ ಹೌದು. ಇಂಥ ಸೀಮೆಯಲ್ಲಿ ಅರೆತಲೆನೋವಿನವರ ಪಾಡು ಯೋಚಿಸಬೇಕು. ಅಂಗಳದಲ್ಲಿ ಹರಕೆಯ ಆಟ ನಡೆಯುವಾಗ ಮನೆಯೊಡತಿಯೇ ತಲೆಗೆ ಬಟ್ಟೆ ಬಿಗಿದು ಕತ್ತಲೆ ಕೋಣೆಯಲ್ಲಿ ಮಲಗಿದ್ದರೆ ನೆಂಟರಿಗೆ ಏನೆಂದು ಹೇಳುವುದು? 'ತರೆಬೇನೆ' ಎಂಬ ತುಳು ಮಾತು ಕೇಳುವವರ ಕಿವಿಗೆ ಬಹಳ ಸಲ ಕೆಲಸ ತಪ್ಪಿಸಿಕೊಳ್ಳುವ ನೆಪವಾಗಿಯೇ ಬೀಳುತ್ತದೆ.

ನಮ್ಮ ಹಳೆಯ ವೈದ್ಯರು ಇದನ್ನು ನೆಪವೆಂದು ತಿಳಿದಿರಲಿಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರ ಹನ್ನೊಂದು ಬಗೆಯ ಶಿರೋರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ 'ಅರ್ಧಾವಭೇದಕ' ಒಂದು. ತಲೆಯ ಅರ್ಧಭಾಗವನ್ನು ಸೀಳುವಂಥ ಈ ನೋವು ಹದಿನೈದು ದಿನಕ್ಕೋ ಹತ್ತು ದಿನಕ್ಕೋ ಬರಬಹುದು, ಇಲ್ಲವೆ ಸೂಚನೆಯೇ ಇಲ್ಲದೆ ಎರಗಬಹುದು ಎಂಬ ವಿವರಣೆ ಅಲ್ಲಿದೆ. ಇಂದಿನ ಮೈಗ್ರೇನ್ ರೋಗಿ ಓದಿದರೆ ತನ್ನ ಕಥೆಯನ್ನೇ ಯಾರೋ ಬರೆದಿಟ್ಟಂತೆ ಅನ್ನಿಸೀತು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ತಲೆಯ ಬೇನೆಗಳ ಕಾರಣಗಳ ಉದ್ದನೆಯ ಪಟ್ಟಿಯೇ ಇದೆ. ರಾತ್ರಿ ಜಾಗರಣೆ, ಹಗಲು ನಿದ್ದೆ, ಗಟ್ಟಿಯಾಗಿ ಮಾತಾಡುವುದು, ಇಬ್ಬನಿ, ಹೊಗೆ, ಧೂಳು, ಬಿಸಿಲು, ಒಗ್ಗದ ವಾಸನೆ, ಅಳು, ಮನಸ್ಸಿನ ತಾಪ ಎಲ್ಲವೂ ಅದರಲ್ಲಿ ಸೇರಿವೆ. ಜಾಗರಣೆಯನ್ನು ಮಾತ್ರ ಹೆಸರಿಸದೆ ಹಗಲು ನಿದ್ದೆಯನ್ನೂ ಜೊತೆಗಿಟ್ಟದ್ದು ಗಮನಿಸಬೇಕಾದ ಸಂಗತಿ.

ಆ ಪಟ್ಟಿಯನ್ನು ಯಕ್ಷಗಾನ ಮೇಳದ ಹಳೆಯ ದಿನಚರಿಯ ಪಕ್ಕದಲ್ಲಿಟ್ಟು ನೋಡಿದರೆ ಬೆರಗಾಗುತ್ತದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಭಾಗವತರೂ ವೇಷಧಾರಿಗಳೂ ಬಯಲಿನ ಕೊನೆಯವರೆಗೆ ಕೇಳುವಂತೆ ಕಂಠ ಎತ್ತಬೇಕಿತ್ತು. ಬೆಳಕಿಗೆ ಹೊಗೆಯುಗುಳುವ ದೊಂದಿ, ಆಮೇಲೆ ಕಣ್ಣಿಗೆ ಚುಚ್ಚುವ ಗ್ಯಾಸ್‌ಲೈಟು. ನೆತ್ತಿಯ ಮೇಲೆ ಇಬ್ಬನಿ. ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ ಇಡಲು ಗಂಟೆಗಟ್ಟಲೆ ಕೂರಬೇಕು, ಅದರ ಮೇಲೆ ಕಿರೀಟವನ್ನು ಬಿಗಿದು ಕಟ್ಟಬೇಕು. ಬೆಳಗಿನ ಜಾವ ರಂಗಕ್ಕೆ ಬರುವವರು ಚೌಕಿಯ ಮೂಲೆಯಲ್ಲೇ ಒಂದು ನಿದ್ದೆ ತೆಗೆಯುತ್ತಿದ್ದರು. ಮಂಗಳ ಹಾಡಿದ ಮೇಲೆ ಮುಂದಿನ ಊರಿಗೆ ಕಾಲ್ನಡಿಗೆ, ಮಧ್ಯಾಹ್ನ ಸಿಕ್ಕಿದಲ್ಲಿ ನಿದ್ದೆ, ಸಂಜೆಗೆ ಮತ್ತೆ ಬಣ್ಣ. ಬಿಗಿಯಾದ ಶಿರೋವೇಷ್ಟನದಿಂದಲೇ ತಲೆನೋವು ಬರುವುದುಂಟೆಂದು ಇಂದಿನ ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣವೂ ಒಪ್ಪುತ್ತದೆ. ಕಲಾವಿದರ ಗೆಜ್ಜೆಗೆ, ಕಂಠಕ್ಕೆ ಸಂದ ಹೊಗಳಿಕೆ ಬಹಳ. ಅವರ ನಿದ್ದೆಯ ವಿಚಾರ ಬರೆದವರು ಮಾತ್ರ ಕಡಿಮೆ.

ನಿದ್ದೆಗೂ ಅರೆತಲೆನೋವಿಗೂ ಇರುವ ನಂಟು ಎರಡು ಅಲಗಿನದು. ನಿದ್ದೆ ಕೆಟ್ಟರೆ ನೋವು ಬರುತ್ತದೆ, ಅತಿಯಾಗಿ ಮಲಗಿದರೂ ಬರುತ್ತದೆ. ಬಂದ ನೋವು ಎಷ್ಟೋ ಸಲ ನಿದ್ದೆಯಲ್ಲೇ ಹೋಗುತ್ತದೆ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಲಿವಿಂಗ್ 1873ರಲ್ಲಿ ಈ ರೋಗದ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಇದು ನರಮಂಡಲದಲ್ಲಿ ಏಳುವ ಬಿರುಗಾಳಿ ಎಂಬುದು ಅವನ ವಾದ. ಈಗಿನ ತಿಳಿವಳಿಕೆಯೂ ಅದರಿಂದ ಬಹು ದೂರವಿಲ್ಲ. ನೋವು ಶುರುವಾಗುವ ಎಷ್ಟೋ ಗಂಟೆ ಮೊದಲೇ ಮೆದುಳಿನ ಹೈಪೊಥಲಾಮಸ್ ಎಂಬ ಭಾಗ ಚುರುಕಾಗುವುದು ಕಂಡುಬಂದಿದೆ. ಹಸಿವು, ನಿದ್ದೆ, ದೇಹದ ಗಡಿಯಾರ ಇವೆಲ್ಲ ಅದರ ಕಾರುಬಾರು. ಆಕಳಿಕೆ ಮೇಲೆ ಆಕಳಿಕೆ, ಕಾರಣವಿಲ್ಲದ ಸುಸ್ತು ಮುನ್ಸೂಚನೆಯಾಗಿ ಬರುವುದು ಇದರಿಂದಲೇ. ನೋವು ಇಳಿದ ಮೇಲೂ ಒಂದೆರಡು ದಿನ ಮೈ ಏಳದೆ, ತಲೆ ಮಂಕಾಗಿ ಇರುವುದುಂಟು. ಮನೆಯವರಿಗೆ ಅರ್ಥವಾಗದೆ ಉಳಿಯುವುದು ಹೆಚ್ಚಾಗಿ ಈ ಸುಸ್ತೇ. ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ, ಹೀಗೆ ಮೂರು ತಿಂಗಳಿಗೂ ಮೀರಿ ನಡೆದರೆ ವೈದ್ಯರು ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತಾರೆ. ಬೆಂಗಳೂರಿನ ನಗರ ಮತ್ತು ಹಳ್ಳಿಗಳಲ್ಲಿ ಸುಮಾರು 2,300 ಮಂದಿಯನ್ನು ವಿಚಾರಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವರ್ಷದಲ್ಲಿ ಮೈಗ್ರೇನ್ ಕಾಡಿದವರು ನಾಲ್ವರಲ್ಲಿ ಒಬ್ಬರು. ಅದು ಹೆಂಗಸರನ್ನೇ ಹೆಚ್ಚು ಕಾಡುವುದು ಎಲ್ಲ ಕಡೆಯ ಅನುಭವ.

ಇವರು ಮೊರೆಹೋದ ಮದ್ದುಗಳಿಗೂ ಚರಿತ್ರೆಯಿದೆ. ತಿಮರೆ ಎಂದು ತುಳುವರು ಕರೆಯುವ ಒಂದೆಲಗ, ಗರುಗದ ಎಣ್ಣೆ, ಹಣೆಗೆ ಶುಂಠಿಯ ಲೇಪ ಮನೆಮದ್ದುಗಳಾದರೆ, ಮೂಗಿಗೆ ತೈಲ ಬಿಡುವ ನಸ್ಯ ಪಂಡಿತರದ್ದು. 1880ರಲ್ಲಿ ಫಾದರ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಮದ್ದು ಕೊಡಲು ತೊಡಗಿದರು. 1893ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅಮೃತಾಂಜನ ಮುಂದೆ ಮನೆಮನೆಯ ಗೂಡಿಗೆ ಬಂತು. ಆಮೇಲೆ ಗೂಡಂಗಡಿಯಲ್ಲೂ ಸಿಗುವ ಮಾತ್ರೆ. ಆಟದ ರಾತ್ರಿ ಒಂದು ಮಾತ್ರೆ, ಎರಡು ಲೋಟ ಚಹಾ ಎಂಬ ಉಪಾಯ ಅಂದಿಗೆ ನಡೆದೀತು. ಆದರೆ ಸಾಮಾನ್ಯ ನೋವಿನ ಮಾತ್ರೆ ತಿಂಗಳಲ್ಲಿ 15 ದಿನ, ಬೆರಕೆ ಮಾತ್ರೆ 10 ದಿನ ತಲಪಿತೆಂದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗತೊಡಗುತ್ತದೆ. ಚಹಾ ಮರುದಿನಕ್ಕೆ ಉಳಿಯಬೇಕಾದ ನಿದ್ದೆಯನ್ನೂ ಕದಿಯುತ್ತದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಸುತ್ತಿನ ಜೈನ ಮನೆಗಳಲ್ಲಿ ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವ ವ್ರತ ಹಳೆಯದು. ಅದು ದೀಪಕ್ಕೆ ಬೀಳುವ ಹುಳುಗಳ ಜೀವ ಉಳಿಸುವ ಅಹಿಂಸೆಗಾಗಿ, ತಲೆನೋವಿಗಾಗಿ ಅಲ್ಲ. ಆದರೂ 2007ರಲ್ಲಿ ಅಮೆರಿಕದ ಆನ್ ಕಾಲ್ಹೌನ್ ಮತ್ತು ಸುತಪಾ ಫೋರ್ಡ್ ಪ್ರಕಟಿಸಿದ ಒಂದು ಅಧ್ಯಯನ ಓದುವಾಗ ಈ ವ್ರತ ನೆನಪಾಗುತ್ತದೆ. ದೀರ್ಘಕಾಲಿಕ ಮೈಗ್ರೇನಿನ 43 ಹೆಂಗಸರಲ್ಲಿ ಒಂದು ಗುಂಪಿಗೆ ನಿದ್ದೆಯ ಕ್ರಮ ಹೇಳಿಕೊಡಲಾಯಿತು: ದಿನವೂ ಒಂದೇ ಹೊತ್ತಿಗೆ ಮಲಗಿ ಎಂಟು ಗಂಟೆ ಹಾಸಿಗೆಯಲ್ಲಿರುವುದು, ಮಲಗುವ ನಾಲ್ಕು ಗಂಟೆ ಮೊದಲೇ ಊಟ, ಹಾಸಿಗೆಯಲ್ಲಿ ಟಿ.ವಿ. ಇಲ್ಲ, ಹಗಲು ನಿದ್ದೆ ಇಲ್ಲ. ಈ ಕ್ರಮ ಹಿಡಿದವರಲ್ಲಿ ನೋವಿನ ದಿನಗಳು ಕಡಿಮೆಯಾದವು, ಹಲವರ ರೋಗ ದೀರ್ಘಕಾಲಿಕ ಹಂತದಿಂದ ಕೆಳಗಿಳಿಯಿತು. ಚಿಕ್ಕ ಅಧ್ಯಯನವೇನೋ ನಿಜ. ಆದರೆ ಹಗಲು ನಿದ್ದೆಯ ಬಗ್ಗೆ ಚರಕನ ಎಚ್ಚರಿಕೆ ಇಲ್ಲಿ ಮತ್ತೆ ಕಾಣಿಸಿತು. ಉಪವಾಸದ ವಿಚಾರ ಬೇರೆ. ಊಟ ತಪ್ಪಿಸಿದರೆ ಅನೇಕರಿಗೆ ನೋವು ಖಚಿತ.

ಈ ನಡುವೆ ಸೀಮೆಯ ರಾತ್ರಿಯೇ ಗಿಡ್ಡವಾಗತೊಡಗಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕಿದವು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮೇಳ 2010ರ ದಶಕದಲ್ಲಿ ಕಾಲಮಿತಿಗೆ ಬಂತು. ಕಟೀಲು ಮೇಳಗಳು 2022ರ ತಿರುಗಾಟದಲ್ಲಿ ಆ ದಾರಿ ಹಿಡಿದಾಗ ವಾದ ವಿವಾದ ಜೋರಾಗಿಯೇ ನಡೆಯಿತು. ಬೆಳಗಾಗುವ ಹೊತ್ತಿಗೆ ಏರುವ ರಾಗಗಳೂ, ಜಾವಕ್ಕೆ ತಕ್ಕಂತೆ ಬರುವ ವೇಷಗಳೂ ಹೋಗಿಬಿಡುತ್ತವೆಂಬ ಕಲಾಭಿಮಾನಿಗಳ ಸಂಕಟ ತಳ್ಳಿಹಾಕುವಂಥದ್ದಲ್ಲ. ಕಾಲಮಿತಿಯೆಂದ ಮಾತ್ರಕ್ಕೆ ಕಲಾವಿದರಿಗೆ ತುಂಬಿದ ನಿದ್ದೆ ಸಿಕ್ಕಿತೆಂದೂ ಅಲ್ಲ. ನಡುರಾತ್ರಿ ಬಣ್ಣ ತೆಗೆದು ಬೈಕು ಹತ್ತಿ ಮನೆ ಸೇರುವಾಗ ಗಂಟೆ ಎರಡಾಗುವುದುಂಟು. ಪತ್ತನಾಜೆಯಂದು ಗೆಜ್ಜೆ ಬಿಚ್ಚಿ, ಮಳೆಗಾಲದ ಮನೆಯಲ್ಲಿ ರಾತ್ರಿ ಮಲಗಲು ತೊಡಗಿದವರಿಗೂ ಮೊದಲ ಕೆಲವು ದಿನ ಚೆಂಡೆಯ ಹೊತ್ತಿಗೇ ಎಚ್ಚರವಾಗುತ್ತದೆ.