ಚದುರಿದ ಕಡತಗಳು

ಮನೆಯ ಗಣಕಯಂತ್ರದ ಹಾರ್ಡ್ ಡಿಸ್ಕ್ ಎಂದರೆ ಗಿರಗಿರನೆ ತಿರುಗುವ ತಟ್ಟೆ. ಹಳೆಯ ಕಡತಗಳನ್ನು ಅಳಿಸಿದ ಕಡೆ ಉಳಿಯುವ ತೆರವುಗಳಲ್ಲಿ ಹೊಸ ಕಡತವೊಂದು ಚೂರುಚೂರಾಗಿ ನೆಲೆಸುತ್ತದೆ. ಅದನ್ನು ಓದಲು ಸೂಜಿಯಂಥ ತೋಳು ತಟ್ಟೆಯ ಮೇಲೆಲ್ಲ ಅಲೆಯಬೇಕು. ಚೂರುಗಳನ್ನು ಒಂದೆಡೆ ಕೂಡಿಸುವ ತಂತ್ರಾಂಶವೇ ಡಿಫ್ರಾಗ್ಮೆಂಟರ್.

1993ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಎಂಎಸ್-ಡಾಸ್ 6ರ ಜೊತೆಯಲ್ಲೇ ಇಂಥದೊಂದನ್ನು ನೀಡಿತು. ಅದು ಸ್ವಂತದ್ದಲ್ಲ, ಸಿಮ್ಯಾಂಟೆಕ್‌ನಿಂದ ಪಡೆದದ್ದು. ಪರದೆಯ ಮೇಲೆ ಪುಟ್ಟ ಚೌಕಗಳು ಒಂದೊಂದಾಗಿ ಸ್ಥಾನ ಬದಲಿಸುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ವಿಂಡೋಸ್ 2000ಕ್ಕೂ ಎರವಲಿನ ತಂತ್ರಾಂಶವೇ ಬಂದಿತು. ಈ ಸಲ ಎಕ್ಸಿಕ್ಯೂಟಿವ್ ಸಾಫ್ಟ್‌ವೇರ್ ಎಂಬ ಅಮೆರಿಕದ ಸಂಸ್ಥೆಯಿಂದ. ಅದರ ಮುಖ್ಯಸ್ಥರು ಸೈಂಟಾಲಜಿ ಪಂಥಕ್ಕೆ ಸೇರಿದವರೆಂಬ ಕಾರಣಕ್ಕೆ ಜರ್ಮನಿಯಲ್ಲಿ ದೊಡ್ಡ ವಿವಾದವೆದ್ದಿತು. ಆ ಪಂಥವನ್ನು ಅಲ್ಲಿನ ಸರ್ಕಾರ ಮೊದಲೇ ಸಂದೇಹದಿಂದ ಕಾಣುತ್ತಿತ್ತು. ಕೊನೆಗೆ ಮೈಕ್ರೋಸಾಫ್ಟ್, ಆ ಭಾಗವನ್ನು ತೆಗೆದುಹಾಕುವ ವಿಧಾನವನ್ನು ಜರ್ಮನ್ ಬಳಕೆದಾರರಿಗೆ ತಿಳಿಸಬೇಕಾಯಿತು.

ಒಬ್ಬರ ಮತವಿಶ್ವಾಸವನ್ನು ಕಂಡು ಅವರ ಕೆಲಸವನ್ನು ಶಂಕಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಆ ಭಯದ ಮೂಲವನ್ನು ನಗೆಯಾಡಲಾರೆ: ಕಡತಗಳನ್ನು ಕದಲಿಸುವ ತಂತ್ರಾಂಶಕ್ಕೆ ಮನೆಯ ಎಲ್ಲ ಬೀರುಗಳ ಬೀಗದ ಕೈ ಕೊಟ್ಟಂತೆಯೇ ಸರಿ. ಆದುದರಿಂದ ವೇಗದ ಜಾಹೀರಾತಿಗಿಂತ ಮೊದಲು ತಯಾರಕರಾರೆಂದು ನೋಡುತ್ತೇನೆ. ಪ್ರತಿಯೊಂದನ್ನು ಬೇರೆಡೆ ತೆಗೆದಿಡದೆ ಕೆಲಸಕ್ಕೆ ಕೈಹಚ್ಚುವುದಿಲ್ಲ.

ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಈ ಉಪಚಾರ ಬೇಡ. ಅಲ್ಲಿ ಅಲೆಯುವ ತೋಳಿಲ್ಲ. ಬರೆದಷ್ಟೂ ಅದರ ಕೋಶಗಳು ಸವೆಯುತ್ತವೆ. 2009ರ ವಿಂಡೋಸ್ 7 ಅಂಥವನ್ನು ಗುರುತಿಸಿ, ನಿಗದಿತ ಜೋಡಣೆಯಿಂದ ಹೊರಗಿಟ್ಟಿತು. ನನ್ನಲ್ಲಿ ಹಳೆಯ ತಟ್ಟೆಯೊಂದು ಇನ್ನೂ ತಿರುಗುತ್ತಿದೆ. ಅದಕ್ಕೆ ವಿಂಡೋಸ್‌ನದೇ ಸಾಧನ ಸಾಕಾಗಿದೆ.