ಕೋಟೆಯಿಲ್ಲದ ಕೋಟ್ಟೈಮೇಡು: ಕೊಂಗುನಾಡಿನ ಮಣ್ಣಿನ ಕೋಟೆಗಳು ಮತ್ತು ಸಂರಕ್ಷಣೆಯ ಪ್ರಶ್ನೆ

ಕೊಯಮತ್ತೂರಿನ ನಗರಭವನದಿಂದ ದಕ್ಷಿಣಕ್ಕೆ, ಉಕ್ಕಡಂ ಕೆರೆಯ ಕಡೆಗೆ ನಡೆದರೆ ಕೋಟ್ಟೈಮೇಡು ಎಂಬ ಬಡಾವಣೆ ಸಿಗುತ್ತದೆ. ತಮಿಳಿನ ‘ಮೇಡು’ ಕನ್ನಡಕ್ಕೂ ಪರಿಚಿತವಾದ ಪದವೇ: ದಿಬ್ಬ, ದಿನ್ನೆ. ಹೆಸರಿನ ಅರ್ಥ ಕೋಟೆಯ ದಿಬ್ಬ. ಅಲ್ಲಿ ಕೋಟ್ಟೈ ಈಶ್ವರನೆಂದು ಜನರು ಕರೆಯುವ ಸಂಗಮೇಶ್ವರನ ದೇವಾಲಯವಿದೆ. ಸಮೀಪದಲ್ಲೇ ಹೈದರ್ ಮತ್ತು ಟಿಪ್ಪುವಿನ ಹೆಸರು ಹೊತ್ತ ಮಸೀದಿಯಿದೆ. ಒತ್ತಾದ ಮನೆಗಳು, ಅಂಗಡಿಗಳು ಇವೆ. ಕೋಟೆ ಮಾತ್ರ ಇಲ್ಲ. ದೇವರ ಹೆಸರಿನಲ್ಲಿ ಮತ್ತು ಬಡಾವಣೆಯ ಹೆಸರಿನಲ್ಲಿ ಉಳಿದಿರುವ ‘ಕೋಟೆ’ ಎಂಬ ಶಬ್ದವೇ ಅದರ ಅವಶೇಷ.

ಸಂರಕ್ಷಣೆಯ ಚರ್ಚೆಗಳಲ್ಲಿ ಸಾಮಾನ್ಯವಾಗಿ ಕಟ್ಟಡವೇ ಆರಂಭಬಿಂದು. ಕಟ್ಟಡವಿಲ್ಲದ ಕಡೆ ಚರ್ಚೆ ಹುಟ್ಟುವುದಿಲ್ಲ. ಕೊಯಮತ್ತೂರಿನಲ್ಲಿ 1892ರ ವಿಕ್ಟೋರಿಯಾ ನಗರಭವನದ ಬಗ್ಗೆ ಮಾತನಾಡುವವರಿದ್ದಾರೆ. ಕೇಂದ್ರ ಕಾರಾಗೃಹದಲ್ಲಿ ವ. ಉ. ಚಿದಂಬರಂ ಪಿಳ್ಳೆಯವರು ಎಳೆದ ಗಾಣವನ್ನು ಗೌರವದಿಂದ ಕಾಪಾಡಲಾಗಿದೆ. ಇವೆರಡೂ ಉಚಿತವೇ. ಆದರೆ ಈ ಊರು ಒಂದೂವರೆ ಶತಮಾನದಷ್ಟು ಕಾಲ ಮೈಸೂರಿನ ಸೇನಾಗಡಿಯಾಗಿತ್ತು ಎಂಬುದಕ್ಕೆ ಇಲ್ಲಿ ಕಣ್ಣಿಗೆ ಕಾಣುವ ಗುರುತು ಬಹಳ ಕಡಿಮೆ.

ಈ ಗಡಿಯ ಇತಿಹಾಸ ಮೈಸೂರಿಗಿಂತ ಹಳೆಯದು. ಹೊಯ್ಸಳ ವಿಷ್ಣುವರ್ಧನನ ಬಿರುದಾವಳಿಯಲ್ಲಿ ತಲಕಾಡಿನ ಜೊತೆಗೇ ಕೊಂಗು ಸೇರಿಕೊಂಡಿದೆ. ಭವಾನಿ ನದಿಯ ದಡದಲ್ಲಿ ಹೊಯ್ಸಳ ದಂಡನಾಯಕರ ಹೆಸರಿನಲ್ಲಿ ನಿಂತಿದ್ದ ದಣ್ಣಾಯಕನಕೋಟೆ 1950ರ ದಶಕದಲ್ಲಿ ಭವಾನಿಸಾಗರ ಜಲಾಶಯದಲ್ಲಿ ಮುಳುಗಿತು. ಬರಗಾಲದಲ್ಲಿ ನೀರಿಳಿದಾಗ ಅಲ್ಲಿನ ಮಾಧವ ಪೆರುಮಾಳ್ ದೇವಾಲಯ ತಲೆಯೆತ್ತುತ್ತದೆ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಮದುರೆಯ ನಾಯಕರಿಂದ ಈರೋಡು, ಧಾರಾಪುರಗಳು ಒಡೆಯರ ಕೈಸೇರಿದವು. ಅಲ್ಲಿಂದ 1799ರವರೆಗೆ, ನಡುನಡುವೆ ಕಳೆದುಕೊಂಡು ಮತ್ತೆ ಪಡೆದು, ಕೊಂಗುನಾಡಿನ ಕಂದಾಯ ಶ್ರೀರಂಗಪಟ್ಟಣದತ್ತ ಹರಿಯಿತು. ಕಂದಾಯ ಹೋದ ದಿಕ್ಕಿನಿಂದಲೇ ದಂಡೂ ಬರುತ್ತಿತ್ತು. ಮೋಯಾರ್ ಕಣಿವೆಯ ಗಜಲಹಟ್ಟಿ ಘಟ್ಟವು ಅದರ ಮುಖ್ಯ ದಾರಿ. ಆ ಹೆಸರಿನ ‘ಹಟ್ಟಿ’ಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1768ರಲ್ಲಿ ಕರ್ನಲ್ ವುಡ್ ಈ ಬಯಲಿನ ಕೋಟೆಗಳನ್ನು ಹಿಡಿದ. ಅದೇ ವರ್ಷದೊಳಗೆ ಹೈದರ್ ಅವನ್ನು ಮರಳಿ ಪಡೆಯತೊಡಗಿದ. 1783ರಲ್ಲಿ ಕರ್ನಲ್ ಫುಲ್ಲರ್ಟನ್ ಧಾರಾಪುರ, ಪಾಲಕ್ಕಾಡು, ಕೊಯಮತ್ತೂರುಗಳನ್ನು ಗೆದ್ದ. ಮರುವರ್ಷದ ಮಂಗಳೂರು ಒಪ್ಪಂದದಲ್ಲಿ ಅವು ಟಿಪ್ಪುವಿಗೆ ಹಿಂದಿರುಗಿದವು. 1790ರ ಜುಲೈಯಲ್ಲಿ ಜನರಲ್ ಮೆಡೋಸ್ ಕೊಯಮತ್ತೂರಿಗೆ ಬಂದ. ಸೆಪ್ಟೆಂಬರಿನಲ್ಲಿ ಟಿಪ್ಪು ಗಜಲಹಟ್ಟಿಯಿಂದ ಇಳಿದು ಸತ್ಯಮಂಗಲದ ಬಳಿ ಫ್ಲಾಯ್ಡನ ಪಡೆಯನ್ನು ಎದುರಿಸಿದ. ಅಕ್ಟೋಬರಿನಲ್ಲಿ ಧಾರಾಪುರ ಅವನಿಗೆ ಶರಣಾಯಿತು. ಒಂದೇ ಕೋಟೆ ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟು ಬಾರಿ ಕೈಬದಲಾದುದನ್ನು ನೋಡಿದರೆ, ಆ ಗೋಡೆಗಳನ್ನು ಯಾರ ಆಸ್ತಿಯೆಂದು ಕರೆಯಬೇಕು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಕೊಯಮತ್ತೂರು ಕೋಟೆಯ ಅತಿ ದೀರ್ಘವಾದ ಪರೀಕ್ಷೆ 1791ರದು. ಕಂಪನಿಯವರು ಅದನ್ನು ಭದ್ರವಾದ ಕೋಟೆಯೆಂದು ಎಣಿಸಿರಲಿಲ್ಲ. ಒಳ್ಳೆಯ ಫಿರಂಗಿಗಳನ್ನು ಪಾಲಕ್ಕಾಡಿಗೆ ಸಾಗಿಸಿದ್ದರು. ಲೆಫ್ಟಿನೆಂಟ್ ಚಾಮರ್ಸ್ ಎಂಬವನ ಕೈಯಲ್ಲಿ ಉಳಿದದ್ದು ಸಣ್ಣ ಪಡೆ: ಒಂದಷ್ಟು ತೋಪಾಸಿಗಳು ಮತ್ತು ಫ್ರೆಂಚ್ ಅಧಿಕಾರಿಯೊಬ್ಬನ ಕೈಕೆಳಗಿದ್ದ ತಿರುವಾಂಕೂರಿನ ಸೈನಿಕರು. ಜೂನ್ 11ರಂದು ಮೈಸೂರಿನವರು ನಡೆಸಿದ ಲಗ್ಗೆ ವಿಫಲವಾಯಿತು. ಆಮೇಲೆ ಕಮರುದ್ದೀನ್ ಖಾನ್ ದೊಡ್ಡ ಪಡೆಯೊಡನೆ ಬಂದು ಮುತ್ತಿದ; ಪಾಲಕ್ಕಾಡಿನಿಂದ ಹೊರಟ ನೆರವು ತಲುಪಲಿಲ್ಲ; ನವೆಂಬರಿನ ಮೊದಲ ವಾರದಲ್ಲಿ ಕೋಟೆ ಬಿತ್ತು. ಚಾಮರ್ಸ್ ಮತ್ತು ಅವನ ಜೊತೆಗಾರ ನ್ಯಾಶ್ ಶ್ರೀರಂಗಪಟ್ಟಣದಲ್ಲಿ ಸೆರೆಯಾಳುಗಳಾದರು. 1792ರ ಫೆಬ್ರುವರಿಯಲ್ಲಿ, ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತಿದ್ದಾಗ, ಟಿಪ್ಪು ಸಂಧಿಯ ಮಾತನ್ನು ಕಳುಹಿಸಿದ್ದು ಇದೇ ಚಾಮರ್ಸನ ಮೂಲಕ. ಆ ಸಂಧಿಯಲ್ಲಿ ದಿಂಡಿಗಲ್, ಪಾಲಕ್ಕಾಡು, ಸೇಲಂ ಮತ್ತು ಬಾರಾಮಹಲ್ ಕಂಪನಿಗೆ ಹೋದರೂ ಕೊಯಮತ್ತೂರು ಮೈಸೂರಿನಲ್ಲೇ ಉಳಿಯಿತು.

ಇಷ್ಟನ್ನೂ ನಾವು ತಿಳಿಯುವುದು ಬಹುಮಟ್ಟಿಗೆ ವಿಲ್ಕ್ಸ್ ಮೊದಲಾದ ಗೆದ್ದವರ ಬರಹಗಳಿಂದ. ತಿರುವಾಂಕೂರಿನ ಸಿಪಾಯಿಯಾಗಲಿ, ಜೂನ್ 11ರಂದು ಗೋಡೆಯ ಕೆಳಗೆ ಬಿದ್ದ ಮೈಸೂರಿನ ಜವಾನನಾಗಲಿ ಅವುಗಳಲ್ಲಿ ಹೆಸರಿಲ್ಲದ ಸಂಖ್ಯೆ. ಕನ್ನಡದಲ್ಲಿ 1784ರ ‘ಹೈದರ್‌ನಾಮೆ’ ಇದೆ. ಆದರೆ ಅದು ಹೈದರನ ಕಾಲದ ಕಥನ. ಹಾಗಾಗಿ ಈ ಮುತ್ತಿಗೆಯ ಮಟ್ಟಿಗೆ ನೆಲವೇ ಒಂದು ಪಠ್ಯವಾಗಬೇಕು. ಸಾಹಿತ್ಯದ ವಿದ್ಯಾರ್ಥಿನಿಯಾದ ನಾನು ಈ ಮಾತನ್ನು ರೂಪಕವಾಗಿ ಹೇಳುತ್ತಿಲ್ಲ. ಕಂದಕವಿದ್ದ ಜಾಗದ ಮಣ್ಣಿನ ಪದರ, ಬೀದಿಯೊಂದು ಕಾರಣವಿಲ್ಲದೆ ಬಾಗುವ ಜಾಗ, ಹಳೆಯ ಸರ್ವೆ ನಕ್ಷೆಯ ಗೆರೆ, ಇವೆಲ್ಲ ಅಕ್ಷರಶಃ ಓದಬಹುದಾದ ದಾಖಲೆಗಳು.

ಪಾಲಕ್ಕಾಡು ಕೋಟೆಯೊಡನೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. 1766ರಲ್ಲಿ ಹೈದರ್ ಕಟ್ಟಿಸಿದ ಆ ಕೋಟೆ ಕಲ್ಲಿನದು. ಕಂದಕ ಸಮೇತ ಇಂದಿಗೂ ನಿಂತಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ದಿಂಡಿಗಲ್ಲಿನ ಮತ್ತು ಸಂಕಗಿರಿಯ ಬೆಟ್ಟದ ಕೋಟೆಗಳೂ ಹಾಗೆಯೇ. ಅದೇ ಸೈನ್ಯಗಳು ಅದೇ ವರ್ಷಗಳಲ್ಲಿ ಕಾದಾಡಿದ ಕೊಯಮತ್ತೂರು, ಧಾರಾಪುರಗಳ ಬಯಲು ಕೋಟೆಗಳು ಮಣ್ಣಿನವು. ಯುದ್ಧ ಮುಗಿದ ಮೇಲೆ ಮಣ್ಣಿನ ಗೋಡೆಗೆ ಊರಿನಲ್ಲಿ ನೂರು ಉಪಯೋಗಗಳಿವೆ: ಮನೆಯ ಗೋಡೆಗೆ, ಹೊಲಕ್ಕೆ, ಕಂದಕ ತುಂಬುವುದಕ್ಕೆ. ನಮ್ಮ ರಕ್ಷಿತ ಸ್ಮಾರಕಗಳ ಪಟ್ಟಿಯು ಇತಿಹಾಸದ ಮಹತ್ತ್ವವನ್ನು ತೂಗಿ ಮಾಡಿದ್ದೆಂದು ನಂಬಿರುತ್ತೇವೆ. ಬಹಳ ಕಡೆ ಅದು ಕಲ್ಲನ್ನೂ ಮಣ್ಣನ್ನೂ ಬೇರ್ಪಡಿಸಿದ ಪಟ್ಟಿ ಮಾತ್ರ. ಬೆಂಗಳೂರಿನಲ್ಲೂ ಹೀಗೆಯೇ ಆಯಿತು. ಹೈದರ್ ಕಲ್ಲಿನಲ್ಲಿ ಕಟ್ಟಿಸಿದ ಕೋಟೆಯ ದಿಲ್ಲಿ ಬಾಗಿಲು ಉಳಿದಿದೆ. 1791ರ ಮಾರ್ಚಿನಲ್ಲಿ ಮೊದಲು ಹೊಡೆತ ತಿಂದ ಪೇಟೆಯ ಸುತ್ತಿನ ಗೋಡೆ ಕಾಣಸಿಗದು.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. 1958ರ ಕೇಂದ್ರ ಕಾಯಿದೆಯು ಪ್ರಾಚೀನ ಸ್ಮಾರಕದ ಜೊತೆಗೆ ‘ಪುರಾತತ್ತ್ವ ನಿವೇಶನ ಮತ್ತು ಅವಶೇಷ’ಗಳನ್ನೂ ಪ್ರತ್ಯೇಕವಾಗಿ ಗುರುತಿಸುತ್ತದೆ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಅವಶೇಷವಿರುವ ನೆಲವೂ ಅದರ ವ್ಯಾಪ್ತಿಗೆ ಬರುತ್ತದೆ. ತಮಿಳುನಾಡಿಗೆ ತನ್ನದೇ ಆದ 1966ರ ಕಾಯಿದೆಯೂ 2012ರ ಪರಂಪರೆ ಆಯೋಗದ ಕಾಯಿದೆಯೂ ಇವೆ. ಆದರೆ 2010ರ ತಿದ್ದುಪಡಿಯಂತೆ ಕೇಂದ್ರರಕ್ಷಿತ ಸ್ಥಳದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಈ ಅಳತೆಯನ್ನು ಕೋಟ್ಟೈಮೇಡಿನ ಮೇಲೆ ಇಟ್ಟು ನೋಡಿ. ಅಲ್ಲಿನ ಜನ 1997ರ ಗಲಭೆಗಳನ್ನೂ 1998ರ ಫೆಬ್ರುವರಿಯ ಸ್ಫೋಟಗಳನ್ನೂ ಕಂಡವರು. ಆ ಬಡಾವಣೆಯ ಹೆಸರು ಸುದ್ದಿಪತ್ರಿಕೆಗಳಲ್ಲಿ ಬಹುಕಾಲ ಭಯದ ಪರ್ಯಾಯಪದವಾಗಿತ್ತು. ಅಂಥವರ ಬಾಗಿಲಿಗೆ ಇತಿಹಾಸವೂ ಒಂದು ನೋಟೀಸಿನ ರೂಪದಲ್ಲಿ ಬರುವುದಾದರೆ ಬರದಿರುವುದೇ ಲೇಸು. ಮನೆಗೆ ಹೆಂಚು ಬದಲಾಯಿಸಲು ಅನುಮತಿಗಾಗಿ ಅಲೆಯುವವನು 1791ನ್ನು ಪ್ರೀತಿಸಲಾರ.

ಆದ್ದರಿಂದ ಇಲ್ಲಿ ಬೇಕಾದದ್ದು ಬೇಲಿಯಲ್ಲ, ದಾಖಲೆ. ಮೊದಲನೆಯದಾಗಿ ಕೋಟೆಯ ಸುತ್ತಳತೆಯನ್ನು ಹಳೆಯ ನಕ್ಷೆಗಳಿಂದ ಇಂದಿನ ಬೀದಿಗಳ ಮೇಲೆ ಗುರುತಿಸುವ ಕೆಲಸ. ಅಡಿಪಾಯಕ್ಕೆ ಅಗೆದಾಗ ಸಿಕ್ಕಿದ್ದನ್ನು ಬರೆದಿಡುವ ಏರ್ಪಾಡು, ಅಗೆತವನ್ನು ನಿಲ್ಲಿಸುವುದಲ್ಲ. ಬೀದಿಯ ಹೆಸರುಗಳು ಬದಲಾಗದಂತೆ ಕಾಯುವುದು. ಹೆಸರೇ ಅವಶೇಷವಾಗಿರುವಲ್ಲಿ ಹೆಸರು ಬದಲಿಸುವುದು ಕೆಡವುವುದಕ್ಕೆ ಸಮ.

ಇದರಲ್ಲಿ ಕನ್ನಡ ಬಲ್ಲವರ ಪಾಲು ಎಷ್ಟು? 1804ರಲ್ಲಿ ಉತ್ತರ ಮತ್ತು ದಕ್ಷಿಣದ ಎರಡು ಭಾಗಗಳು ಸೇರಿ ರೂಪುಗೊಂಡ ಕೊಯಮತ್ತೂರು ಜಿಲ್ಲೆಯಲ್ಲಿ ಕೊಳ್ಳೇಗಾಲವೂ ಇತ್ತು. 1956ರಲ್ಲಷ್ಟೇ ಅದು ಮೈಸೂರು ರಾಜ್ಯಕ್ಕೆ ಬಂತು. ಅಂದರೆ ಕೊಳ್ಳೇಗಾಲದ ಒಂದೂವರೆ ಶತಮಾನದ ಜಿಲ್ಲಾ ಕಾಗದಪತ್ರಗಳ ಮನೆ ಕೊಯಮತ್ತೂರು. ನಿಕಲ್ಸನ್ 1887ರಲ್ಲಿ ಪ್ರಕಟಿಸಿದ ಜಿಲ್ಲಾ ಕೈಪಿಡಿಯನ್ನು ನಮ್ಮವರು ಕೊಳ್ಳೇಗಾಲಕ್ಕಾಗಿ ತೆರೆಯುತ್ತಾರೆ, ಧಾರಾಪುರದ ಪುಟಗಳನ್ನು ದಾಟಿಬಿಡುತ್ತಾರೆ. ತಮಿಳು ಸಂಶೋಧಕರು ಅದನ್ನೇ ತಿರುಗಿಸಿ ಮಾಡುತ್ತಾರೆ. 1956ರ ಗೆರೆ ನೆಲದ ಮೇಲಷ್ಟೇ ಅಲ್ಲ, ಓದಿನ ಮೇಲೂ ಬಿದ್ದಿದೆ.

ಈ ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರೂ ಒಕ್ಕಲಿಗರೂ ಇದ್ದಾರೆ. ಅವರ ವಲಸೆಯ ಕಥೆಗಳಲ್ಲಿ ರಾಜರಿದ್ದಾರೆ, ನದಿ ದಾಟಿದ ರಾತ್ರಿಗಳಿವೆ, ಕೋಟೆ ಅಪರೂಪ. ನಾನು ಮಾತನಾಡಿಸಿದ ನೇಕಾರ ಹಿರಿಯರೊಬ್ಬರು, ಕೋಟೆ ಕಾದವರಿಗೂ ಮುತ್ತಿದವರಿಗೂ ಬಟ್ಟೆ ನೇಯ್ದದ್ದು ತಮ್ಮವರೇ ಇರಬೇಕಲ್ಲವೇ ಎಂದು ಕೇಳಿ ನಕ್ಕರು. ಅದಕ್ಕೆ ಆಧಾರ ಕೇಳುವುದು ನನ್ನ ವೃತ್ತಿ. ಆದರೂ ಸೇನೆಯ ಇತಿಹಾಸವನ್ನು ಗೋಡೆಯ ಬದಲು ಮಗ್ಗದ ಕಡೆಯಿಂದ ಬರೆದರೆ ಯಾವ ಕಾಗದಗಳನ್ನು ಹುಡುಕಬೇಕಾದೀತು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. 1800ರಲ್ಲಿ ಈ ದಾರಿಯಲ್ಲಿ ಸಂಚರಿಸಿದ ಬುಕಾನನ್ ಊರೂರಿನಲ್ಲಿ ಮಗ್ಗಗಳನ್ನು, ಬಟ್ಟೆಯ ಬೆಲೆಯನ್ನು ವಿಚಾರಿಸಿಕೊಂಡು ಬರೆದಿದ್ದಾನೆ. ಮುಂದಿನ ಬಾರಿ ಧಾರಾಪುರಕ್ಕೆ ಹೋಗುವಾಗ ಆ ಪುಟಗಳನ್ನು ಜೊತೆಗೆ ಒಯ್ಯಬೇಕೆಂದಿದ್ದೇನೆ.